ಹೂವಿನ ಮನೆಯ ಗೇಟು

ತೆನೆ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಮಕ್ಕಳು ಮರಿಯಮ್ಮನಿಗೆ ಹೂ ಹಾಕುವುದು ನಮ್ಮ ಕೊಂಕಣಿ ಕ್ರೈಸ್ತರಲ್ಲಿ ಮೊದಲಿನಿಂದಲೂ ನಡೆದು ಬಂದದ್ದು. ಹಬ್ಬ ಮರಿಯಮ್ಮ ಹುಟ್ಟಿದ ದಿನದ್ದು. ಹಾಗಾಗಿ ಆ ದಿನಗಳಲ್ಲಿ ಇಡುವ ಪ್ರತಿಮೆಯಲ್ಲಿ ಆಕೆ ಇನ್ನೂ ಕೂಸು. ನನ್ನ ಮಗಳು ಕಲಿಯುವ ಶಾಲೆಯಲ್ಲಿ ಇದು ಕ್ರೈಸ್ತರ ಮಕ್ಕಳದ್ದು ಮಾತ್ರ ಅಲ್ಲ. ಮಣ್ಣಗುಡ್ಡದ ಒಳರಸ್ತೆಯ ಸಣ್ಣ ಪ್ರಾಥಮಿಕ ಶಾಲೆ ಅದು, ಸಿಸ್ಟರುಗಳು ನಡೆಸುವುದು. ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ತುಳು ಮಾತನಾಡುವ ಹಿಂದೂ ಮನೆಗಳವರು. ಬೆಳಿಗ್ಗೆ ಅಸೆಂಬ್ಲಿಗೆ ಎಲ್ಲರೂ ಸಾಲಾಗಿ ನಿಂತು, ಅರ್ಥ ಗೊತ್ತಿದ್ದವರೂ ಗೊತ್ತಿಲ್ಲದವರೂ ಕೊಂಕಣಿ ಹಾಡನ್ನು ಗಂಟಲು ಹರಿಯುವ ಹಾಗೆ ಹಾಡಿ, ಬುಟ್ಟಿಯಿಂದ ಹಿಡಿ ಹಿಡಿ ಹೂ ತೆಗೆದು ಆ ಕೂಸಿನ ಮುಂದೆ ಎರಚುತ್ತಾರೆ.

ಆದರೆ ಈಗ ಹೂವಿಗೆ ಎಲ್ಲಿ ಹೋಗುವುದು? ಸುತ್ತಮುತ್ತ ಎಲ್ಲ ಫ್ಲ್ಯಾಟುಗಳು. ನಮ್ಮ ಬಾಲ್ಕನಿಯಲ್ಲಿ ಇರುವುದು ಒಂದು ಚಟ್ಟಿ ಬಸಳೆ. ಶಾಲೆಯ ಹಿಂದಿನ ಗಲ್ಲಿಯ ಒಂದು ಹಂಚಿನ ಮನೆಯಲ್ಲಿ ಮಾತ್ರ ಹೂ ಇತ್ತು, ಅದೂ ಲೆಕ್ಕವಿಲ್ಲದಷ್ಟು. ಬೇಲಿಗೆ ದಾಸವಾಳ, ಬಾವಿಯ ಹತ್ತಿರ ಕೇಪಳ ಮತ್ತು ನಂದಬಟ್ಟಲು, ಅಂಗಳದ ಸುತ್ತ ಚಟ್ಟಿಗಳಲ್ಲಿ ಅಬ್ಬಲಿಗೆ, ಗೊಂಡೆ, ಗೋರಂಟೆ. ತುಳುವರ ಮನೆ. ಗಂಡನಿಗೆ ಕೊಡಿಯಾಲ್‌ಬೈಲಿನಲ್ಲಿ ಇಲೆಕ್ಟ್ರಿಕಲ್ ಸಾಮಾನಿನ ಅಂಗಡಿ. ಹೆಂಡತಿ, ಅತ್ತೆ ಮತ್ತು ಒಬ್ಬಳೇ ಮಗಳು. ಆ ಹುಡುಗಿ ಮೂರನೆಯ ಕ್ಲಾಸಿನಲ್ಲಿ ನನ್ನ ಮಗಳ ಬೆಂಚಿನಲ್ಲೇ ಕೂರುತ್ತಿದ್ದಳು.

ಪ್ರತಿ ವರ್ಷ ಆ ಒಂಬತ್ತು ದಿನ ಬೆಳಿಗ್ಗೆ ಅವರ ಗೇಟು ತೆರೆದೇ ಇರುತ್ತಿತ್ತು. ಮಕ್ಕಳು ಬುಟ್ಟಿ ಹಿಡಿದುಕೊಂಡು ನುಗ್ಗುವುದು, ಕೆಸರು ಕಾಲಿನಲ್ಲೇ ಜಗಲಿ ಹತ್ತುವುದು. "ಮೊಗ್ಗು ಕೊಯ್ಬೇಡಿ, ನಾಳೆಗೆ ಎಂತ ಕೊಡ್ತೀರಿ ನಿಮ್ಮ ಮರಿಯಮ್ಮನಿಗೆ?" ಎಂದು ಆ ತಾಯಿ ಕೂಗುವುದು. ಅವಳ ಮಗಳದ್ದು ಇನ್ನೂ ದೊಡ್ಡ ದರ್ಬಾರು. "ಈ ಗಿಡ ಸೆಕೆಂಡ್‌ನವರಿಗೆ ಮಾತ್ರ! ಥರ್ಡ್‌ನವರು ಆಚೆ ಹೋಗಿ!" ಎಂದು ಸೊಂಟಕ್ಕೆ ಕೈ ಕೊಟ್ಟು ನಿಲ್ಲುತ್ತಿದ್ದಳು. ಅತ್ತೆ ಒಳಗಿಂದ ಬೈದ ಹಾಗೆ ಮಾಡಿ, ಕೊನೆಗೆ ಮಕ್ಕಳ ಕೈಗೆ ಒಂದೊಂದು ಬಾಳೆಹಣ್ಣು ಹಾಕುತ್ತಿದ್ದರು.

ಕಳೆದ ವರ್ಷ ಜುಲೈಯಲ್ಲಿ ಆ ಮಗುವಿಗೆ ಜ್ವರ ಬಂತು. ಡೆಂಗಿ. ಫಳ್ನೀರಿನ ಆಸ್ಪತ್ರೆಗೆ ಸೇರಿಸಿದರು. ಜ್ವರ ಬಿಟ್ಟಿತು, ಇನ್ನು ಭಯ ಇಲ್ಲ ಎಂದು ಅವರು ಅಂದುಕೊಂಡ ದಿನವೇ ಹೊಟ್ಟೆನೋವು ಶುರುವಾಗಿ, ಕೈಕಾಲು ತಣ್ಣಗಾಗಿ, ಮರುದಿನ ಮಗು ಹೋಯಿತು. ನಾವು ಮನೆಯಲ್ಲಿ ಅವಳಿಗಾಗಿ ಜಪಸರ ಹೇಳುತ್ತಿದ್ದಾಗ ಫೋನು ಬಂತು. ಕೊನೆಯ ಹೊತ್ತಿನಲ್ಲಿ ತಾಯಿ ಹತ್ತಿರವೇ ಇದ್ದಳಂತೆ, ಕೈ ಹಿಡಿದುಕೊಂಡಿದ್ದಳಂತೆ. ಅಷ್ಟಕ್ಕಾದರೂ ದೇವರಿಗೆ ಸ್ತುತಿ ಎಂದೆ.

ಶಾಲೆಯಲ್ಲಿ ಅವಳ ಫೋಟೋ ಇಟ್ಟು ಮೇಣದಬತ್ತಿ ಹಚ್ಚಿದರು. ಒಂದನೆಯ ಕ್ಲಾಸಿನ ಪುಟಾಣಿಗಳು ಅದನ್ನು ಹುಟ್ಟುಹಬ್ಬ ಎಂದು ತಿಳಿದು ಚಪ್ಪಾಳೆ ತಟ್ಟಲು ಹೊರಟರು. ಟೀಚರ್ ಬಂದು ಕೈ ಹಿಡಿದರು. ನನ್ನ ಮಗಳು ಬೆಂಚಿನ ಆ ಜಾಗಕ್ಕೆ ತನ್ನ ಬ್ಯಾಗು ಇಡಲು ಶುರು ಮಾಡಿದಳು. ಬೇರೆ ಯಾರನ್ನೂ ಕೂರಲು ಬಿಡಲಿಲ್ಲ.

ಇನ್ನೊಂದು ಸಂಗತಿ ಹೇಳಬೇಕು. ಮಗು ಹೋದ ಮೂರು ನಾಲ್ಕು ದಿನಕ್ಕೆ ಆರೋಗ್ಯ ಇಲಾಖೆಯವರು ಆ ಗಲ್ಲಿಯ ಮನೆ ಮನೆ ನೋಡುತ್ತಾ ಬಂದರು. ಆ ಮನೆಯ ಹೂವಿನ ಚಟ್ಟಿಗಳ ಅಡಿಯ ತಟ್ಟೆಯಲ್ಲಿ ನಿಂತ ನೀರು, ನೀರಿನಲ್ಲಿ ಸೊಳ್ಳೆಯ ಮರಿ. ದುಃಖಕ್ಕೆಂದು ಬಂದು ಕೂತಿದ್ದ ಜನರ ಎದುರಿನಲ್ಲೇ ತಟ್ಟೆಗಳನ್ನು ಒಂದೊಂದಾಗಿ ಅಂಗಳಕ್ಕೆ ಮಗುಚಿ ಹಾಕಿದರು. ಸೊಳ್ಳೆ ಎಲ್ಲಿ ಕಚ್ಚಿತೆಂದು ಯಾರೂ ಹೇಳಲಿಕ್ಕೆ ಆಗುವುದಿಲ್ಲ, ಗಲ್ಲಿಯ ಎಲ್ಲ ಮನೆಯಲ್ಲೂ ನೀರು ಉಂಟು ಎಂದು ಅವರೇ ಹೇಳಿದರಂತೆ. ಆದರೆ ಚಟ್ಟಿಗಳಿಗೆ ದಿನಾ ನೀರು ಹಾಕುತ್ತಿದ್ದವಳು ಆ ತಾಯಿ. ಅವಳು ಜಗಲಿಯಲ್ಲಿ ಕೂತು ಎಲ್ಲವನ್ನೂ ನೋಡಿದಳು.

ಆಗಸ್ಟ್ ಕೊನೆಗೆ ಹೂವಿನ ದಿನಗಳು ಬಂದವು. ಹೆಡ್ ಸಿಸ್ಟರ್ ಶಾಲೆಯ ಗೇಟಿಗೆ ಬಂದು, ಮಕ್ಕಳನ್ನು ಬಿಡಲು ಬಂದಿದ್ದ ನಮ್ಮನ್ನೆಲ್ಲ ಕರೆದರು.

"ಈ ವರ್ಷ ಹೂವಿಗೆ ಆ ಮನೆಗೆ ಮಕ್ಕಳನ್ನು ಕಳಿಸ್ಬೇಡಿ. ಇವರನ್ನೆಲ್ಲ ಒಟ್ಟಿಗೆ ಕಂಡ್ರೆ ಆ ತಾಯಿಗೆ ತಡ್ಕೊಳ್ಳಿಕ್ಕೆ ಆಗ್ಲಿಕ್ಕಿಲ್ಲ."

ಎಲ್ಲರೂ ತಲೆಯಾಡಿಸಿದೆವು. ನನಗೂ ಅದೇ ಸರಿ ಎಂದು ಕಂಡಿತು. ಸತ್ತ ಮನೆಯವರಿಗೆ ತೊಂದರೆ ಕೊಡಬಾರದು ಎಂದೇ ನಾವು ಬೆಳೆದದ್ದು. ಪಕ್ಕದಲ್ಲಿದ್ದ ಒಬ್ಬ ತಾಯಿ, ಅವಳೂ ನಮ್ಮ ಚರ್ಚಿನವಳೇ, ನನ್ನ ಕಿವಿಯ ಹತ್ತಿರ, "ಸಿಸ್ಟರ್ ಹೇಳದಿದ್ರೂ ನಾನು ಕಳಿಸ್ತಿರ್ಲಿಲ್ಲ ಮಾರಾಯ್ತಿ. ಆ ಚಟ್ಟಿಗಳಲ್ಲಿ ಇನ್ನೂ ಎಂತೆಂತ ಉಂಟೋ" ಎಂದಳು.

ಹಾಗೆ ಆ ವರ್ಷ ಎಲ್ಲರೂ ಮಾರ್ಕೆಟಿನಿಂದ ಹೂ ತಂದೆವು. ಮೂರನೆಯ ದಿನ ನಾನು ಸೇವಂತಿಗೆ ತೂಗಿಸುತ್ತಾ ರೇಟಿಗೆ ಜಗಳ ಮಾಡುತ್ತಿದ್ದೆ. ಹೂವಿನವ ನಗುತ್ತಿದ್ದ. "ಚೌತಿ ಹತ್ತಿರ ಬಂತು ಬಾಯಮ್ಮ. ಗಣಪತಿಗೂ ನಿಮ್ಮ ಮರಿಯಮ್ಮನಿಗೂ ನನ್ನಲ್ಲಿ ಒಂದೇ ರೇಟು." ನಾನೂ ನಕ್ಕು ತಿರುಗಿದರೆ ಹಿಂದೆ ಆ ಮಗುವಿನ ತಾಯಿ ನಿಂತಿದ್ದಾಳೆ, ಕೈಯಲ್ಲಿ ತೊಂಡೆಕಾಯಿಯ ಚೀಲ. ಬಹಳ ಇಳಿದುಹೋಗಿದ್ದಳು.

ನಾವಿಬ್ಬರೂ ಮಾತನಾಡುವುದು ತುಳುವಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ನಮ್ಮ ಕ್ರೈಸ್ತ ಹೆಂಗಸರನ್ನು ಊರಿನವರು ಕರೆಯುವುದು ಬಾಯಮ್ಮ ಎಂದು.

"ಹೂವಿಗೆ ದುಡ್ಡು ಕೊಡ್ತೀರಾ ಬಾಯಮ್ಮ?"

ನಾನು ತೆರೆದಿದ್ದ ಪರ್ಸು ಮುಚ್ಚಿದೆ.

"ಮೂರು ದಿನದಿಂದ ಗೇಟು ತೆಗೆದಿಟ್ಟು ಕೂತಿದ್ದೇನೆ. ಹಾಡು ಅಲ್ಲಿಗೆ ಕೇಳ್ತದೆ. ಮಕ್ಕಳು ಮಾತ್ರ ಇಲ್ಲ. ಸತ್ತ ಮನೆಯ ಹೂ ನಮ್ಮಲ್ಲಿ ವರ್ಷ ಆಗುವವರೆಗೆ ದೇವರಿಗೆ ಹಾಕುವುದಿಲ್ಲ. ನಿಮ್ಮಲ್ಲೂ ಹಾಗೆಯಾ?"

"ಇಲ್ಲ ಅಕ್ಕ. ನಮ್ಮಲ್ಲಿ ಹಾಗೆಂತ ಇಲ್ಲ. ನಿಮಗೆ ಬೇಜಾರಾಗ್ತದೆ ಅಂತ…"

"ನನಗೆ ಬೇಜಾರಾಗ್ತದೆ ಅಂತ," ಎಂದು ಆಕೆ ಹೇಳಿದಳು. ಕೋಪದಲ್ಲಿ ಅಲ್ಲ. ಲೆಕ್ಕ ತಾಳೆಯಾಗದವರು ಇನ್ನೊಮ್ಮೆ ಕೂಡಿಸುವ ಹಾಗೆ. "ನನ್ನ ಅಂಗಳದಲ್ಲಿ ಮಕ್ಕಳ ಸ್ವರ ಇಲ್ಲದೆ ಎಷ್ಟು ದಿನ ಆಯ್ತು ಗೊತ್ತುಂಟಾ ನಿಮಗೆ? ಅವಳು ಹೋದ ಮೇಲೆ ಅವಳ ಕ್ಲಾಸಿನದ್ದು ಒಂದು ಮಗುವೂ ನಮ್ಮ ಗೇಟಿನ ಒಳಗೆ ಬರ್ಲಿಲ್ಲ. ಅವಳು ಇದ್ದದ್ದೇ ಸುಳ್ಳಾ ಅಂತ ಕಾಣ್ತದೆ ನನಗೆ."

ತೂಗಿಸಿದ ಸೇವಂತಿಗೆಯನ್ನು ನಾನು ಹಿಂದೆ ಕೊಡಲಿಲ್ಲ. ಕೊಡಬಹುದಿತ್ತು. ನೇರವಾಗಿ ಶಾಲೆಗೆ ಹೋಗಿ ಹೆಡ್ ಸಿಸ್ಟರಿಗೆ ಎಲ್ಲ ಹೇಳಿದೆ. ಸಿಸ್ಟರಿನ ಮುಖ ಸಣ್ಣದಾಯಿತು.

"ಒಳ್ಳೆಯದಕ್ಕೇ ಹೇಳಿದ್ದು ನಾನು."

"ಗೊತ್ತುಂಟು ಸಿಸ್ಟರ್. ನಾವೂ ಒಳ್ಳೆಯದಕ್ಕೇ ಕೇಳಿದ್ದು."

ಸಾಯಂಕಾಲ ಅವರೇ ಗೇಟಿಗೆ ಬಂದು ಮಾತು ಬದಲಿಸಿದರು: ನಾಳೆಯಿಂದ ಮೊದಲಿನ ಹಾಗೆಯೇ ಹೋಗಲಿ, ಆ ತಾಯಿಗೆ ಮಕ್ಕಳು ಬೇಕು. ಯಾರೂ ಆಗುವುದಿಲ್ಲ ಎನ್ನಲಿಲ್ಲ. ದೇವರ ದಯೆ ಎಂದುಕೊಂಡೆ.

ಮರುದಿನ ಬೆಳಿಗ್ಗೆ ಹತ್ತು ಹನ್ನೆರಡು ಮಕ್ಕಳು ಸೇರಿದರು, ಜೊತೆಗೆ ನಾನು. ಒಳ್ಳೆಯ ಬಿಸಿಲಿದ್ದರೂ ಮಕ್ಕಳೆಲ್ಲ ಉದ್ದ ತೋಳಿನ ಅಂಗಿ, ಉದ್ದ ಪ್ಯಾಂಟು. ಆಕೆ ಗೇಟಿನ ಹತ್ತಿರವೇ ನಿಂತಿದ್ದಳು, ತಲೆ ಬಾಚಿ, ಬೇರೆ ಸೀರೆ ಉಟ್ಟುಕೊಂಡು. ನನ್ನ ಮಗಳನ್ನು ಕಂಡವಳೇ ಬಗ್ಗಿ ಎಳೆದುಕೊಂಡು ಅಪ್ಪಿಕೊಂಡಳು. ಹಾಗೆಯೇ ಸ್ವಲ್ಪ ಹೊತ್ತು ಇದ್ದಳು. ಆಮೇಲೆ ಮಗಳ ಕೈಯನ್ನು ಮೂಗಿನ ಹತ್ತಿರ ತಂದಳು. ಇನ್ನೊಂದು ಮಗುವಿನ ಕೈ. ಮತ್ತೊಂದು ಮಗುವಿನ ಕುತ್ತಿಗೆ.

ಎಲ್ಲರ ಮೈಯಿಂದಲೂ ಸೊಳ್ಳೆಯ ಕ್ರೀಮಿನ ವಾಸನೆ ಬರುತ್ತಿತ್ತು. ನಾವು ತಾಯಂದಿರು ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಒಂದೊಂದು ಮನೆಯಲ್ಲಿ ಒಬ್ಬೊಬ್ಬಳೇ ಯೋಚಿಸಿ ಹಚ್ಚಿ ಕಳಿಸಿದ್ದು. ನನ್ನ ಮಗಳಿಗೆ ಹಚ್ಚಿದವಳು ನಾನೇ. ಕಿವಿಯ ಹಿಂದೆ ಕೂಡ ಬಿಟ್ಟಿರಲಿಲ್ಲ.

ಆಕೆ ಎದ್ದು ನಿಂತಳು. ಮಕ್ಕಳನ್ನು ಮೆಲ್ಲ ಹಿಂದೆ ಸರಿಸಿ ಗೇಟು ಹಾಕಿದಳು.

"ಒಳಗೆ ಬರ್ಬೇಡಿ ಮಕ್ಕಳೇ. ಅಲ್ಲೇ ನಿಲ್ಲಿ. ನಾನೇ ಕೊಯ್ದು ಕೊಡ್ತೇನೆ."

"ಅಕ್ಕ, ಹಾಗಲ್ಲ…" ಎಂದೆ.

"ಸರಿಯೇ ಮಾಡಿದ್ದೀರಿ ಬಾಯಮ್ಮ. ನಾನೂ ಹಚ್ಚಿ ಕಳಿಸ್ಬೇಕಿತ್ತು."

ಒಳಗಿಂದ ಅತ್ತೆಯ ಸ್ವರ ಬಂತು. "ಏ, ವರ್ಷಾಂತ ಕಳೆಯದೆ ಈ ಮನೆಯ ಹೂ ದೇವರಿಗೆ ಕೊಡ್ಬೇಡ. ಹೇಳಿದ್ದೇನೆ ನಿನಗೆ."

"ನಮ್ಮ ದೇವರಿಗಲ್ಲ ಅತ್ತೆ. ಅವರದ್ದಕ್ಕೆ." ಆಮೇಲೆ ನನ್ನ ಕಡೆ ತಿರುಗಿ, "ಆಗ್ತದಲ್ಲ?" ಎಂದು ಕೇಳಿದಳು.

"ಆಗ್ತದೆ ಅಕ್ಕ. ನಮ್ಮ ಮರಿಯಮ್ಮನೂ ಮಗನನ್ನು ಕಳಕೊಂಡವರೇ."

ಆಕೆ ದಾಸವಾಳ ಕೊಯ್ಯುತ್ತಿದ್ದ ಕೈ ನಿಲ್ಲಿಸಲಿಲ್ಲ. "ಎಷ್ಟು ವರ್ಷ ಇದ್ದ ಅವರ ಮಗ?"

"ಮೂವತ್ತಮೂರು."

"ಅಷ್ಟಾದ್ರೂ ಸಿಕ್ಕಿತಲ್ಲ ಅವರಿಗೆ."

ನಾನು ಮಕ್ಕಳ ಬುಟ್ಟಿಗಳನ್ನು ಒಂದೊಂದಾಗಿ ಗೇಟಿನ ಹತ್ತಿರ ಹಿಡಿದೆ.

ಉಳಿದ ದಿನಗಳೆಲ್ಲ ಹಾಗೆಯೇ ನಡೆಯಿತು. ಮಕ್ಕಳು ರಸ್ತೆಯಲ್ಲಿ ಸಾಲು ನಿಲ್ಲುವುದು, ಆಕೆ ಗೇಟಿನ ಸರಳಿನ ನಡುವಿನಿಂದ ಬುಟ್ಟಿಗೆ ಹೂ ತುಂಬಿಸುವುದು. ಗಲಾಟೆ ಇಲ್ಲ. ಗದರಿದರೆ ಸಾಕು ಎಂದು ಕಾಯುತ್ತಿದ್ದೆ, ಆಕೆ ಗದರಲೂ ಇಲ್ಲ. ಮೊಗ್ಗುಗಳನ್ನು ಕೂಡ ಕೊಯ್ದು ಹಾಕಿದಳು. ಹಬ್ಬದ ದಿನ ಫಾದರ್ ತೆನೆ ಆಶೀರ್ವದಿಸಿದರು, ಹೂ ಹಾಕಿದ ಮಕ್ಕಳಿಗೆಲ್ಲ ಕಬ್ಬು ಹಂಚಿದರು. ಮನೆಯಲ್ಲಿ ಹೊಸ ಅಕ್ಕಿಯ ಕಾಳು ಹಾಲಿಗೆ ಹಾಕಿ ಎಲ್ಲರಿಗೂ ಕೊಡುವಾಗ ನಮ್ಮಲ್ಲಿ ಯಾರೂ ಕಡಿಮೆಯಾಗಿರಲಿಲ್ಲ. ನಾನು ಮೊಣಕಾಲೂರಿ ಸ್ತುತಿ ಸಲ್ಲಿಸಿದೆ. ಗಲ್ಲಿಯ ಆ ಮನೆಯ ನೆನಪು ಬಂದು, ಸ್ತುತಿ ಅರ್ಧಕ್ಕೇ ನಿಂತಿತು.

ಅಕ್ಟೋಬರಿನಲ್ಲಿ ಒಂದು ದಿನ ಆ ದಾರಿಯಾಗಿ ಹೋಗುವಾಗ ಕಂಡದ್ದು: ದಾಸವಾಳದ ಬೇಲಿ ಇಲ್ಲ, ಕೇಪಳ ಇಲ್ಲ, ಚಟ್ಟಿಗಳು ಒಂದೂ ಇಲ್ಲ. ಅಂಗಳಕ್ಕೆಲ್ಲ ಜಲ್ಲಿಪುಡಿ ಹರಡಿ ಇಂಟರ್‌ಲಾಕ್ ಕಲ್ಲು ಹಾಕುತ್ತಿದ್ದರು. ಬಾವಿಗೆ ಬಲೆ ಬಿಗಿದಿತ್ತು. ಆಕೆ ತಲೆಗೆ ಬಟ್ಟೆ ಕಟ್ಟಿಕೊಂಡು ಕೆಲಸದವರಿಗೆ ಇಳಿಜಾರು ಸರಿ ಮಾಡಲು ಹೇಳುತ್ತಿದ್ದಳು. ನನ್ನನ್ನು ಕಂಡು ಗೇಟಿಗೆ ಬಂದಳು.

"ಈಗ ಒಂದು ಚಮಚ ನೀರೂ ನಿಲ್ಲುವುದಿಲ್ಲ ಬಾಯಮ್ಮ. ನೀವೇ ಒಳಗೆ ಬಂದು ನೋಡಿ. ಇನ್ನು ಮಕ್ಕಳನ್ನು ಕಳಿಸ್ಬಹುದಲ್ಲ?"

ಜಗಲಿಯಲ್ಲಿ ಕೂತಿದ್ದ ಅತ್ತೆ ನನ್ನನ್ನು ನೋಡಿ, "ಎಲ್ಲ ನನ್ನ ಗಂಡ ನೆಟ್ಟ ಗಿಡ ಬಾಯಮ್ಮ" ಎಂದರು. ಅಷ್ಟೇ. ಸೊಸೆಯನ್ನು ಬೈಯಲಿಲ್ಲ.

ನಾನು ಶಾಲೆಯ ಗೇಟಿನಲ್ಲಿ ಎಲ್ಲ ತಾಯಂದಿರಿಗೆ ಹೇಳಿದೆ. ಪಾಪ, ಪಾಪ ಎಂದರು. ನನ್ನ ಕಿವಿಯಲ್ಲಿ ಅಂದು ಮಾತನಾಡಿದವಳು, "ಹೂವೂ ಇಲ್ಲ ಅಂತೀಯಲ್ಲ. ಇನ್ನು ಮಕ್ಕಳಿಗೆ ಅಲ್ಲಿ ಎಂತ ಕೆಲಸ ಉಂಟು ಮಾರಾಯ್ತಿ?" ಎಂದಳು. ಅವಳು ಕೆಟ್ಟವಳಲ್ಲ. ಆ ಮಗುವಿಗಾಗಿ ಅವಳೂ ಜಪಸರ ಹೇಳಿದವಳು.

ಶನಿವಾರ ಮಧ್ಯಾಹ್ನ ನನ್ನ ಮಗಳು ಹೋಗುತ್ತಾಳೆ. ಒಮ್ಮೊಮ್ಮೆ ಅವಳ ಕ್ಲಾಸಿನ ಇನ್ನೊಬ್ಬಳೂ ಸೇರುತ್ತಾಳೆ. ಬಿಸಿಲಿಗೆ ಕಾದ ಇಂಟರ್‌ಲಾಕಿನ ಮೇಲೆ ಗೆರೆ ಎಳೆದು ಕುಂಟಾಟ ಆಡುತ್ತಾರೆ. ಆಕೆ ಜಗಲಿಯಲ್ಲಿ ಕೂತು ನೋಡುತ್ತಾಳೆ. ಗೆರೆ ಮೆಟ್ಟಿದರೆ ಹೇಳುತ್ತಾಳೆ. ಇಬ್ಬರೇ ಆಡುವ ಆಟ ಬೇಗ ಮುಗಿಯುತ್ತದೆ. ಕರೆದುಕೊಂಡು ಬರಲು ನಾನು ಹೋದಾಗ ಆಕೆ ಗೇಟಿನವರೆಗೆ ಬಂದು, "ಬರುವ ವಾರ ಇನ್ನೂ ಇಬ್ಬರನ್ನು ಕರ್ಕೊಂಡು ಬಾ, ಆಯ್ತಾ ಪುಟ್ಟಿ?" ಎನ್ನುತ್ತಾಳೆ. ಮಗಳು ಆಯಿತು ಎನ್ನುತ್ತಾಳೆ, ಸೋಮವಾರ ಕ್ಲಾಸಿನಲ್ಲಿ ಎಲ್ಲರನ್ನೂ ಕರೆಯುತ್ತಾಳೆ ಕೂಡ.

ಬೇರೆ ಯಾರೂ ಬರುವುದಿಲ್ಲ. ಆದರೂ ನನ್ನ ಮಗಳು ಇನ್ನೂ ಕರೆಯುವುದನ್ನು ಬಿಟ್ಟಿಲ್ಲ. ಅದೊಂದನ್ನು ನಾನು ದೇವರ ದಯೆಗಳಲ್ಲಿ ಲೆಕ್ಕ ಹಾಕಿದ್ದೇನೆ.