ಮಸೆಗಲ್ಲಿಗೆ ಹೋದ ಐದು ಅಂಕಿ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಒಂದು ರಿವಾಲ್ವರ್ ಇತ್ತು ಎಂದರೆ ನೀವು ಕಣ್ಣರಳಿಸುತ್ತೀರಿ. ಅಷ್ಟೇನೂ ಅರಳಿಸಬೇಡಿ. ಅಪ್ಪನ ಅಪ್ಪ, ಅವರನ್ನು ನಾವು ಮುತ್ಯಾ ಎನ್ನುತ್ತಿದ್ದೆವು, ನಿಜಾಮರ ಕಾಲದಲ್ಲಿ ವಾಡಿ ಹತ್ತಿರದ ನಮ್ಮೂರಿಗೆ ಪೊಲೀಸ್ ಪಾಟೀಲರಾಗಿದ್ದರು. ಆಗ ಲೈಸೆನ್ಸ್ ಪಡೆದು ಕೊಂಡದ್ದು. ನನಗೆ ತಿಳಿದಂತೆ ಆ ರಿವಾಲ್ವರ್ ಮಾಡಿದ ಕೆಲಸ ಒಂದೇ. ಜೋಳದ ಚೀಲಗಳ ಹಿಂದಿನ ಟ್ರಂಕಿನಲ್ಲಿ ಮಲಗಿ ತುಕ್ಕು ಹಿಡಿಸಿಕೊಂಡದ್ದು.

ಮುತ್ಯಾ ತೀರಿಕೊಂಡ ಮೇಲೆ ಅದನ್ನು ಚಿತ್ತಾಪುರದ ಠಾಣೆಗೆ ಒಪ್ಪಿಸಬೇಕಾಯಿತು, ಏಕೆಂದರೆ ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಅಪ್ಪ ಹೊರಟು ನಿಂತಾಗ ಖಂಡೇನವಮಿಗೆ ನಾಲ್ಕೇ ದಿನ ಉಳಿದಿತ್ತು. ಮನೆಯ ಕಬ್ಬಿಣದ ಸಾಮಾನುಗಳನ್ನೆಲ್ಲ ತಿಕ್ಕಿ ತೊಳೆದು, ವಿಭೂತಿ ಹಚ್ಚಿ ಪೂಜೆ ಮಾಡುವ ಹಬ್ಬ ಅದು. ಅವ್ವ ಅಪ್ಪನನ್ನು ತಡೆದಳು.

"ಹಬ್ಬ ಮುಗಿಸಿ ಕೊಟ್ಟು ಬರ್ರಿ. ಇಷ್ಟು ವರ್ಷ ಮನ್ಯಾಗ ಇದ್ದದ್ದು, ಹೊಲಸು ಮೈಲೆ ಸರಕಾರಕ್ಕ ಹ್ಯಾಂಗ ಕೊಡೋದು?"

ಅಪ್ಪ ಗುಂಡುಗಳನ್ನು ತೆಗೆದಿಟ್ಟು, ಖಾಲಿ ರಿವಾಲ್ವರನ್ನು ಕುಡುಗೋಲು, ಕುರ್ಪಿ, ಕೊಡಲಿಗಳ ಜೊತೆ ಬಚ್ಚಲಿನ ಹಾಸುಗಲ್ಲಿನ ಮೇಲಿಟ್ಟ. ಅಕ್ಕ ಕೊಡಲಿ ಹಿಡಿದಳು, ನಾನು ರಿವಾಲ್ವರ್ ಹಿಡಿದೆ. ಇಟ್ಟಂಗಿ ಪುಡಿ, ಹುಣಸೆಹಣ್ಣು, ತೆಂಗಿನ ಜುಂಗು. ಕೈಯೆಲ್ಲ ಹುಳಿ ವಾಸನೆ, ಉಗುರಿನೊಳಗೆಲ್ಲ ಕೆಂಪು. ಸ್ವಲ್ಪ ಹೊತ್ತಿಗೆ ಅಕ್ಕನ ಕೊಡಲಿಯಲ್ಲಿ ಮುಖ ಕಾಣತೊಡಗಿತು. ನನ್ನದರಲ್ಲಿ ಬಲಮಗ್ಗುಲಿಗೆ ಒಂದು ತುಕ್ಕಿನ ಕಲೆ, ಅದರ ನಡುವೆ ಏನೋ ಗೀರುಗಳು. ಎಷ್ಟು ತಿಕ್ಕಿದರೂ ಹೋಗಲಿಲ್ಲ.

"ನಿಂದು ಎಮ್ಮಿ ಮೈ ಆದಂಗ ಆಗ್ಯಾದ," ಎಂದಳು ಅಕ್ಕ.

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಅವಳು ನೀರು ತರಲು ಹೋದಾಗ ಕುಡುಗೋಲು ಹರಿತ ಮಾಡುವ ಮಸೆಗಲ್ಲನ್ನು ತೆಗೆದುಕೊಂಡು ಆ ಜಾಗವನ್ನು ಗಸಗಸ ಉಜ್ಜಿದೆ. ಕಲೆ ಹೋಯಿತು, ಗೀರುಗಳೂ ಹೋದವು, ಅಲ್ಲಿ ಬೆಳ್ಳಿಯಂತೆ ಹೊಳಪು ಬಂತು. ಪೂಜೆಯ ದಿನ ಅಕ್ಕನ ಕೊಡಲಿಗಿಂತ ನನ್ನ ರಿವಾಲ್ವರೇ ಚೆನ್ನಾಗಿ ಕಂಡಿತು ಎಂದು ಬೀಗಿದ್ದೇ ಬೀಗಿದ್ದು.

ದಸರೆಯ ಮರುದಿನ ಅಪ್ಪ ಅದನ್ನು ಬಟ್ಟೆಯಲ್ಲಿ ಸುತ್ತಿ, ಚೀಲದ ತಳದಲ್ಲಿಟ್ಟು, ಮೇಲೆ ರೊಟ್ಟಿಯ ಬುತ್ತಿ ಇಟ್ಟ. ಜೊತೆಗೊಂದು ಕೂಸಿದ್ದರೆ ಯಾರೂ ಚೀಲದ ಕಡೆ ನೋಡುವುದಿಲ್ಲ ಎಂದು ಅವ್ವ ನನ್ನನ್ನೂ ಕಳಿಸಿದಳು. ವಾಡಿಯವರೆಗೆ ನಡೆದು ಪ್ಯಾಸೆಂಜರ್ ಗಾಡಿ ಹತ್ತಿದೆವು. ಕಿಟಕಿಯ ಹತ್ತಿರ ಕೂತು ನನ್ನ ಖುಷಿಗೆ ಮಿತಿಯೇ ಇರಲಿಲ್ಲ. ಆಗ ಅಪ್ಪ ಜೇಬಿನಿಂದ ಲೈಸೆನ್ಸಿನ ಕಾಗದ ತೆಗೆದು, ಅದರ ಮೇಲಿದ್ದ ಐದು ಅಂಕಿಗಳನ್ನು ಬೆರಳಿಟ್ಟು ತೋರಿಸಿದ.

"ಈ ನಂಬರೇ ಆ ಕಬ್ಬಿಣದ ಬಲಮಗ್ಗಲಿಗೂ ಒತ್ತ್ಯಾರ. ಫೌಜುದಾರ್ರು ಎರಡೂ ಹೊಂದಿಸಿ ನೋಡ್ತಾರ."

"ಹೊಂದಲಿಲ್ಲಂದ್ರ?"

"ಹೊಂದಲಿಲ್ಲಂದ್ರ ನಿಮ್ಮಪ್ಪ ಜೇಲಿಗೆ," ಎಂದು ನಕ್ಕ.

ಗೀರುಗಳೆಂದುಕೊಂಡದ್ದು ಅಂಕಿಗಳು! ಅಲ್ಲೇ ಹೇಳಬಹುದಿತ್ತು. ಬಾಯಿ ತೆರೆದೆ, ಮುಚ್ಚಿದೆ. ಮತ್ತೆ ತೆರೆದೆ. ಕೆಮ್ಮು ಬಂತೇ ಹೊರತು ಮಾತು ಬರಲಿಲ್ಲ. ಇಂಜಿನ್ನಿನ ಮಸಿ ಕಣ್ಣಿಗೆ ಬಿತ್ತೆಂದು ನೆಪ ಹೇಳಿ ಕಣ್ಣು ಒರೆಸಿಕೊಂಡೆ. ಗಾಡಿ ಚಿತ್ತಾಪುರಕ್ಕೆ ಬರದೆ ಹಾಗೇ ಹೈದರಾಬಾದಿಗೆ ಹೋಗಿಬಿಡಲಿ ಎಂದು ಬಸವಣ್ಣನಿಗೆ ಹರಕೆ ಹೊತ್ತೆ. ಅದು ಸರಿಯಾದ ವೇಳೆಗೇ ಬಂದು ನಿಂತಿತು.

ಫೌಜುದಾರರು, ಅಂದರೆ ಠಾಣೆಯ ಸಬ್ ಇನ್ಸ್‌ಪೆಕ್ಟರು, ಮೈಸೂರಿನ ಕಡೆಯವರು, ಹೊಸದಾಗಿ ವರ್ಗವಾಗಿ ಬಂದವರು. ಅವರು ಕಾಗದ ನೋಡಿ ಮೊದಲು ಇಸವಿಗೇ ತಕರಾರು ತೆಗೆದರು.

"ಸಾವಿರದ ಮುನ್ನೂರ ಮೂವತ್ತೇಳು? ಆಗ ರಿವಾಲ್ವರ್ ಎಲ್ಲಿತ್ತು ರೀ?"

"ಅದು ಫಸಲಿ ಸನ ಸಾಹೇಬ್ರ, ನಿಜಾಮರ ಲೆಕ್ಕ. ಐದುನೂರಾ ತೊಂಬತ್ತು ಕೂಡಿಸ್ರಿ," ಎಂದ ಊರಿನವನೇ ಆದ ಪೊಲೀಸ್ ಪೇದೆ. ಸಾವಿರದ ಒಂಬೈನೂರ ಇಪ್ಪತ್ತೇಳು ಬಂತು. ಫೌಜುದಾರರು ಮುಖ ಬಿಗಿದುಕೊಂಡು ರಿವಾಲ್ವರ್ ಕೈಗೆತ್ತಿಕೊಂಡರು. ಹೊರಳಿಸಿದರು. ಬೆಳಕಿಗೆ ಹಿಡಿದರು.

"ನಂಬರ್ ಉಜ್ಜಿ ಹಾಕಿದ್ದೀರಲ್ಲ!"

ಅಪ್ಪ ಬಗ್ಗಿ ನೋಡಿದ. ಬೆಳ್ಳಿಯಂತೆ ಹೊಳೆಯುತ್ತಿದ್ದ ಆ ಜಾಗ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಅಷ್ಟೇ ಸಾಕಾಯಿತು. ಅಪ್ಪನಿಗೆ ತಿಳಿಯಿತೆಂದು ನನಗೂ ತಿಳಿಯಿತು.

"ನಾನೇ ತಿಕ್ಕೀನ್ರಿ ಸಾಹೇಬ್ರ, ಪೂಜಿಗಂತ," ಎಂದ ಅಪ್ಪ.

ಫೌಜುದಾರರು ನಂಬಲಿಲ್ಲ. ನಂಬರ್ ಅಳಿಸಿದ ರಿವಾಲ್ವರ್ ಎಂದರೆ ಕದ್ದ ಮಾಲು, ಅಸಲಿಯನ್ನು ಮನೆಯಲ್ಲೇ ಬಚ್ಚಿಟ್ಟುಕೊಂಡು ಬೇರೆ ಯಾವುದನ್ನೋ ತಂದಿದ್ದೀರಿ ಎಂದರು. ಇದೇ ಅದು ಎಂದು ತೋರಿಸದಿದ್ದರೆ ಮನೆಗೆ ಹೋಗುವಂತಿಲ್ಲ ಎಂದರು. ಅಪ್ಪನ ಕತ್ತಿನಲ್ಲಿ ಬೆವರು ಇಳಿಯಿತು. ನಾನು ಅವನ ಧೋತರದ ಚುಂಗು ಹಿಡಿದುಕೊಂಡಿದ್ದೆ.

"ನಾನು ಮಸಿಗಲ್ಲಿಲೆ ತಿಕ್ಕೀನ್ರಿ! ಅಪ್ಪ ಅಲ್ಲ!" ಎಂದು ಕೊನೆಗೂ ಕೂಗಿಬಿಟ್ಟೆ.

ಕಥೆಗಳಲ್ಲಾದರೆ ಇಲ್ಲಿಗೆ ಎಲ್ಲ ಸರಿಹೋಗಬೇಕು. ಸರಿಹೋಗಲಿಲ್ಲ. "ಮಗುಗೆ ಹೇಳ್ಕೊಟ್ಟು ಕರ್ಕೊಂಡು ಬಂದಿದ್ದೀರಾ?" ಎಂದು ಫೌಜುದಾರರು ಇನ್ನಷ್ಟು ಸಿಟ್ಟಾದರು. ನಾನು ಜೋರಾಗಿ ಅತ್ತೆ.

ಆಗ ಪೇದೆಯೇ ಒಂದು ದಾರಿ ಹೇಳಿದ. ಠಾಣೆಯ ಹಿಂದಿನ ಗಲ್ಲಿಯಲ್ಲಿ ಬೀಗ ರಿಪೇರಿ ಮಾಡುವ ಒಬ್ಬ ಮುದುಕರಿದ್ದರು. ನಿಜಾಮರ ಕಾಲದಲ್ಲಿ ಪೊಲೀಸರ ಬಂದೂಕುಗಳನ್ನು ನೋಡಿಕೊಳ್ಳುತ್ತಿದ್ದವರು, ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ಅವರನ್ನು ಕರೆತರುವವರೆಗೆ ಅಪ್ಪ ಬೆಂಚಿನ ಮೇಲೆ ಕೂತಿದ್ದ. ಗೋಡೆ ಗಡಿಯಾರ ಟಕ್ ಟಕ್ ಎನ್ನುತ್ತಿತ್ತು. ಅಪ್ಪ ಬರದೆ ನಾನೊಬ್ಬಳೇ ಊರಿಗೆ ಹೋದರೆ ಅವ್ವನಿಗೆ ಏನು ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು.

ಉಸ್ತಾದರು ಬಂದವರೇ ಕನ್ನಡಕ ಹಾಕಲಿಲ್ಲ. ಹೆಬ್ಬೆರಳಿನ ಉಗುರನ್ನು ರಿವಾಲ್ವರಿನ ಮೈಮೇಲೆ ಮೆಲ್ಲಗೆ ಎಳೆದರು. ಗುಂಡು ತುಂಬುವ ಉರುಳೆಯ ಮೇಲೆ ಉಗುರು ನಿಂತಿತು. ಗೋಡೆಯ ಸುಣ್ಣ ಕೆರೆದು ಅಲ್ಲಿ ತಿಕ್ಕಿ, ಊದಿದರು. ಬಿಳಿ ಗೆರೆಗಳಲ್ಲಿ ಒಂದು ಮೊಟ್ಟೆಯಾಕಾರ, ಅದರ ಮೇಲೊಂದು ಕಿರೀಟ, ಪಕ್ಕದಲ್ಲೊಂದು ಸಣ್ಣ ಅಕ್ಷರ ಮೂಡಿದವು.

"ಇದು ಬೆಲ್ಜಿಯಂ ಮಾಲ್ ಸಾಬ್. ಅಲ್ಲಿ ವರ್ಷಕ್ಕೊಂದು ಅಕ್ಷರ ಒತ್ತತಾರ, ಈ ಅಕ್ಷರಾನೇ ಇದರ ಜನ್ಮಪತ್ರಿ. ಇಪ್ಪತ್ತಾರನೇ ಇಸವ್ಯಾಗ ಪರೀಕ್ಷಾ ಆಗ್ಯಾದ. ಮರುವರ್ಷ ಲೈಸೆನ್ಸ್ ಆಗ್ಯಾದ. ಸರಿ ಕೂಡ್ತದ."

"ವರ್ಷ ಸರಿ. ನಂಬರ್?" ಎಂದರು ಫೌಜುದಾರರು.

"ಮಾಡಿದವನು ನಂಬರ್ ಒಂದೇ ಕಡಿ ಹಾಕಂಗಿಲ್ಲ," ಎಂದು ಉಸ್ತಾದರು ಹಿಡಿಕೆಯ ಕಟ್ಟಿಗೆ ಬಿಚ್ಚಲು ಹೊರಟರು. ಸ್ಕ್ರೂ ತುಕ್ಕು ಹಿಡಿದು ಕೂತಿತ್ತು. ಸೀಮೆಎಣ್ಣೆ ಬಿಟ್ಟು ಕಾದರು. ತಿರುಗಲಿಲ್ಲ. ಇನ್ನಷ್ಟು ಬಿಟ್ಟರು. ಕೊನೆಗೆ ಕಿರ್ರೆಂದು ತಿರುಗಿತು. ಕಟ್ಟಿಗೆಯ ಕೆಳಗೆ ನಮ್ಮ ಹುಣಸೆಹಣ್ಣು ಎಂದೂ ಮುಟ್ಟದ ಕಪ್ಪು ಕಬ್ಬಿಣ. ಅದಕ್ಕೂ ಸುಣ್ಣ ತಿಕ್ಕಿ ಒಂದೊಂದೇ ಅಂಕಿ ಓದಿದರು.

"ಚಾರ್. ಏಕ್. ಸಾತ್. ಛೇ."

ನಾಲ್ಕು, ಒಂದು, ಏಳು, ಆರು; ಕಾಗದದ ಮೇಲಿದ್ದ ಫೌಜುದಾರರ ಬೆರಳು ಒಂದೊಂದೇ ಅಂಕಿ ಮುಂದೆ ಸರಿಯಿತು. ಐದನೆಯದು ಮಸುಕಾಗಿತ್ತು. ಉಸ್ತಾದರು ಅದರ ಮೇಲೆ ಉಗುರನ್ನು ಎರಡು ಸಲ ಎಳೆದರು.

"ನೌ."

ಒಂಬತ್ತು. ಕಾಗದದಲ್ಲೂ ಅದೇ ಇತ್ತು. ಫೌಜುದಾರರು ಕಾಗದ ಕೆಳಗಿಟ್ಟು, "ರಸೀದಿ ಬರ್ಕೊಡಿ," ಎಂದು ಪೇದೆಗೆ ಹೇಳಿದರು. ಅಪ್ಪ ಉಸ್ತಾದರ ಎರಡೂ ಕೈ ಹಿಡಿದುಕೊಂಡ. ಅವರು ನನ್ನತ್ತ ತಿರುಗಿ, "ಫಿಕರ್ ಬಿಡು ಬೇಟಿ. ಖರೇ ಅಂದ್ರ ಭಾಳ ಚಂದ ತಿಕ್ಕೀ," ಎಂದರು.

ಮರಳುವ ಗಾಡಿಯಲ್ಲಿ ಅಪ್ಪ ಬುತ್ತಿ ಬಿಚ್ಚಿದ. ರೊಟ್ಟಿಗೆ ರಿವಾಲ್ವರಿನ ಕಬ್ಬಿಣದ ವಾಸನೆ ಹತ್ತಿತ್ತು. ಏಟು ಬೀಳುತ್ತದೆಂದು ನಾನು ಕಾದೆ.

"ಬರೋ ಮುಂದ ಗಾಡ್ಯಾಗೇ ಯಾಕ ಹೇಳ್ಲಿಲ್ಲ?"

"ಅಂಜಿಕಿ ಬಂತಪ್ಪಾ."

"ಹೇಳಿದ್ದಿ ಅಂದ್ರ ಇಬ್ಬರೂ ಕೂಡಿ ಅಂಜಬಹುದಿತ್ತಲ್ಲವ್ವಾ," ಎಂದು ನನ್ನ ಪಾಲಿನ ರೊಟ್ಟಿಗೆ ಇನ್ನಷ್ಟು ಶೇಂಗಾ ಹಿಂಡಿ ಹಾಕಿದ. ಮನೆಯಲ್ಲಿ ಅವ್ವ ಕೇಳಿದ್ದಕ್ಕೆ, "ಕೊಟ್ಟು ಬಂದ್ವಿ," ಎಂದಷ್ಟೇ ಹೇಳಿದ. ಅಕ್ಕನಿಗೂ ಹೇಳಲಿಲ್ಲ. ಅವನು ಇರುವವರೆಗೂ ಯಾರಿಗೂ ಹೇಳಲಿಲ್ಲ.

ಮಕ್ಕಳೇ, ನಿಮ್ಮ ಕಾಲದಲ್ಲಿ ಏನನ್ನಾದರೂ ಅಳಿಸಲು ಮಸೆಗಲ್ಲು ಬೇಡ, ಬೆರಳು ತಾಗಿದರೆ ಸಾಕು. ಕೈಗೆ ಇಟ್ಟಂಗಿ ಪುಡಿಯೂ ಹತ್ತುವುದಿಲ್ಲ, ಹುಳಿ ವಾಸನೆಯೂ ಉಳಿಯುವುದಿಲ್ಲ. ಆದರೆ ಅಂಜಿಕೆ ಮಾತ್ರ ನಮ್ಮ ಕಾಲದ್ದೇ, ಅದರಲ್ಲಿ ಹೊಸ ನಮೂನೆ ಬಂದಿಲ್ಲ. ಮೊನ್ನೆಯಿಂದ ನಿಮ್ಮಪ್ಪ ತನ್ನ ಫೋನಿನಲ್ಲಿದ್ದ ಫೋಟೋಗಳು ಎಲ್ಲಿ ಹೋದವೆಂದು ಹುಡುಕುತ್ತಿದ್ದಾನೆ. ನಿಮ್ಮಲ್ಲಿ ಒಬ್ಬರು ಎರಡು ದಿನದಿಂದ ಸರಿಯಾಗಿ ಊಟ ಮಾಡುತ್ತಿಲ್ಲ. ಯಾರೆಂದು ನಾನು ಕೇಳುವುದಿಲ್ಲ. ನಿಮ್ಮಪ್ಪ ಹೊರಗೆ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದಾನೆ. ಹೋಗು.