ಸಾಂತಣ್ಣನ ಪಾಸ್ತೆಲ್

ತೊಂಬತ್ತರ ದಶಕದ ಆ ದಿನಗಳಲ್ಲಿ ಅರಸೀಕೆರೆಯ ನಮಗೆಲ್ಲ ಬೇಕರಿ ಎಂದರೆ ಅಯ್ಯಂಗಾರ್ ಬೇಕರಿ. ಅಲ್ಲಿ ಮೊಟ್ಟೆಯ ಮಾತೇ ಇರಲಿಲ್ಲ. ಹಾಗಾಗಿ ಬೇಕರಿಯಿಂದ ಏನು ತಂದರೂ ನಮ್ಮಂಥ ಲಿಂಗಾಯತರ ಮನೆಯಲ್ಲಿ ಯಾರೂ ಹಿಂದೆಮುಂದೆ ನೋಡದೆ ತಿನ್ನುತ್ತಿದ್ದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಗೋವೆಯಿಂದ ಸಾಂತಾನ್ ಎಂಬುವರು ಬಂದು ಸ್ಟೇಷನ್ ರಸ್ತೆಯಲ್ಲಿ ಪುಟ್ಟ ಬೇಕರಿ ಇಟ್ಟರು. ಊರ ಬಾಯಲ್ಲಿ ಅವರು ಸಾಂತಣ್ಣ. ಬನ್ನು, ಬ್ರೆಡ್ಡು ದಿನವೂ ಇರುತ್ತಿದ್ದವು. ಪೋರ್ಚುಗೀಸರಿಂದ ಅವರ ಮನೆತನ ಕಲಿತ ಪಾಸ್ತೆಲ್ ಮಾತ್ರ ಶನಿವಾರಕ್ಕೆ ಮೀಸಲು. ಪದರ ಪದರದ ಗರಿಗರಿ ಬಟ್ಟಲು, ಒಳಗೆ ಹಳದಿ ಕೆನೆ, ಮೇಲೆ ಅಲ್ಲಲ್ಲಿ ಸೀದ ಕಪ್ಪು ಕಲೆ. ಅದರ ಚಕ್ಕೆಯ ಘಮ ಮೂಗಿಗೆ ಬಡಿದರೆ ಆರುವವರೆಗೆ ಕಾಯುವ ತಾಳ್ಮೆ ನನಗಿರುತ್ತಿರಲಿಲ್ಲ. ಎಷ್ಟು ಸಲ ನಾಲಿಗೆ ಸುಟ್ಟುಕೊಂಡೆನೋ.

ಮೊದಲ ದಿನವೇ ಸಾಂತಣ್ಣ ಕೇಳಿದ್ದರು: “ಇದಕ್ಕೆ ಮೊಟ್ಟೆ ಹಾಕಿದೆ ಮಗು. ನಿಮ್ಮನೇಲಿ ತಿಂತಾರಾ?”

ಎಲ್ಲರೂ ತಿನ್ನುತ್ತಾರೆ ಎಂದು ರಾಗ ಎಳೆದೆ. ಬಾಯಿ ಚಪಲ, ಇನ್ನೇನು.

ಒಂದನ್ನು ಅಜ್ಜಿಗೂ ಒಯ್ದೆ. ಹಲ್ಲಿಲ್ಲದ ಅಜ್ಜಿ ಜ್ವರದಿಂದೆದ್ದ ಮೇಲೆ ಹಾಲನ್ನವನ್ನೂ ದೂರ ತಳ್ಳುತ್ತಿದ್ದಳು. ಇದನ್ನು ಬಾಯಲ್ಲಿಟ್ಟು ನಿಧಾನವಾಗಿ ಕರಗಿಸಿದಳು. “ಹಾಲ್ಕೆನೆ ಇದ್ದಂಗೈತೆ ಕಣೇ,” ಎಂದಳು. ಅಂದಿನಿಂದ ಪ್ರತಿ ಶನಿವಾರ ಶಾಲೆ ಬಿಟ್ಟೊಡನೆ ಅಜ್ಜಿಗೊಂದು, ನನಗೊಂದು. ಮೊಟ್ಟೆಯ ವಿಷಯ ಹೇಳಿದರೆ ನನ್ನದೂ ನಿಲ್ಲುತ್ತಿತ್ತು. ಹೇಳಲಿಲ್ಲ.

ಮೈಯಲ್ಲಿ ಶಕ್ತಿ ಬಂದದ್ದೇ ಅಜ್ಜಿ ಬೇಕರಿಯವರನ್ನು ನೋಡಬೇಕೆಂದು ಹಟ ಹಿಡಿದಳು. ಒಂದು ಬಟ್ಟಲು ಬೆಣ್ಣೆ ಹಿಡಿದು, ಚಿಕ್ಕಪ್ಪನನ್ನೂ ನನ್ನನ್ನೂ ಕರೆದುಕೊಂಡು ಹೊರಟಳು. ನಾವು ಹೋದಾಗ ಸಾಂತಣ್ಣ ಮೊಟ್ಟೆ ಒಡೆದು ಹಳದಿ ಬೇರೆ ಮಾಡುತ್ತಿದ್ದರು. ಅಜ್ಜಿಯ ಕೈ ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು.

ಮೊಟ್ಟೆ ಇದೆಯೆಂದು ಯಾಕೆ ಹೇಳಲಿಲ್ಲ ಎಂದು ಚಿಕ್ಕಪ್ಪ ಏರಿಹೋದ. ಸಾಂತಣ್ಣ ನನ್ನತ್ತ ನೋಡಿದರು. ಚಿಕ್ಕಪ್ಪನೂ ತಿರುಗಿದ. “ಹೇಳಿದ್ರೇನೇ ನಿಂಗೆ?”

“ಇಲ್ಲ.”

ಸಾಂತಣ್ಣ ಕೈ ಒರೆಸಿಕೊಂಡರು. “ಮಗು ಹೇಳೋದು ಸರಿ. ನಾನೇ ಮರೆತೆ. ತಪ್ಪಾಯ್ತು ಅಜ್ಜಿ.”

ಅಜ್ಜಿ ಬೆಣ್ಣೆಯನ್ನು ವಾಪಸು ತಂದಳು. ತಲೆಗೆ ಸ್ನಾನ ಮಾಡಿ ಎರಡು ದಿನ ಏನೂ ಮುಟ್ಟಲಿಲ್ಲ. ಚಿಕ್ಕಪ್ಪನ ಬಾಯಿ ಸುಮ್ಮನಿರುತ್ತದೆಯೇ? ಸುದ್ದಿ ಓಣಿ ಓಣಿ ಸುತ್ತಿ, ಬನ್ನು ಒಯ್ಯುವವರೂ ಬರುವುದನ್ನು ನಿಲ್ಲಿಸಿದರು. ದೀಪಾವಳಿಗೆ ಮುಂಚೆಯೇ ಬಾಗಿಲು ಹಾಕಿ ಸಾಂತಣ್ಣ ರೈಲು ಹತ್ತಿದರೆಂದು ಯಾರೋ ಹೇಳಿದರು. ಆಗಲೂ ನಾನು ನಿಜ ಹೇಳಲಿಲ್ಲ.

ಅಜ್ಜಿ ಇನ್ನೂ ಮೂರು ವರ್ಷ ಬದುಕಿದ್ದಳು. ನಂಬಿಸಿ ಕತ್ತು ಕೊಯ್ದ ಎಂದು ಆ ಮನುಷ್ಯನನ್ನು ಶಪಿಸುವಾಗಲೆಲ್ಲ ನಾನು ಪಕ್ಕದಲ್ಲೇ ಕೂತಿರುತ್ತಿದ್ದೆ. ಹೇಳಲು ಮೂರು ವರ್ಷ ಸಿಕ್ಕಿತ್ತು ನನಗೆ.

ಈಗ ಚಿಕ್ಕಪ್ಪನ ಮೊಮ್ಮಗ ಸ್ಕೂಲಿನ ಡಬ್ಬಿಗೆ ಆಮ್ಲೆಟ್ ಒಯ್ಯುತ್ತಾನೆ, ಕಟ್ಟಿಕೊಡುವವನು ಚಿಕ್ಕಪ್ಪನೇ. ಹೋದ ವರ್ಷ ಧೈರ್ಯ ಮಾಡಿ ಚಿಕ್ಕಪ್ಪನಿಗೆ ಎಲ್ಲ ಹೇಳಿಬಿಟ್ಟೆ. ಬೈಯಲಿ, ಒಂದೇಟು ಹಾಕಲಿ ಎಂದು ಕಾದೆ. ಅವನು ಕೇಳಿದ, “ಯಾವ ಸಾಂತಣ್ಣ?”