ಹಾಜರಿ ಕೂಗಿದಾಗ ಓಗೊಟ್ಟವನು

ನಾನು ನಿವೃತ್ತನಾದ ದಿನ ನಂಜನಗೂಡಿನ ನಮ್ಮ ಕಾಲೇಜಿನ ಗೇಟಿಗೆ ಫ್ಲೆಕ್ಸ್ ಕಟ್ಟಿದ್ದರು. ಕೊರಳಲ್ಲಿ ವಿಷಲ್, ತಲೆ ಮೇಲೆ ಟೋಪಿ, ನಾಲ್ಕಡಿ ಅಗಲದ ನನ್ನ ಮೋರೆ. ಕೆಳಗೆ ‘ಶಿಸ್ತಿನ ಸಿಪಾಯಿ, ನಮ್ಮ ಕಬಡ್ಡಿ ಮೇಷ್ಟ್ರು’ ಅಂತ ಬರೆಸಿದ್ದರು. ಥೂ! ನನ್ನ ಮೋರೆ ನೋಡಿ ನನಗೇ ಉಗಿಯಬೇಕು ಅನ್ನಿಸಿತು. ಹಾರ ಹಾಕಿದರು, ಶಾಲು ಹೊದಿಸಿದರು, ನಾಚಿಕೆಗೆಟ್ಟವನ ಹಾಗೆ ಹಲ್ಲು ಕಿರಿದುಕೊಂಡು ಕೂತಿದ್ದೆ. ನೆನಪುಗಳನ್ನು ಬರೆಯಿರಿ ಸಾರ್ ಅಂತ ಸಹೋದ್ಯೋಗಿಯೊಬ್ಬರು ಒಂದೇ ಸಮನೆ ಪೀಡಿಸುತ್ತಿದ್ದಾರೆ. ಬರೆಯುತ್ತೇನೆ. ಗೆದ್ದ ಕಪ್‌ಗಳ ಕತೆ ಯಾರು ಬೇಕಾದರೂ ಬರೆಯಲಿ, ಇದನ್ನು ಮಾತ್ರ ನಾನೇ ಬರೆಯಬೇಕು.

ಹಳ್ಳಿ ಹುಡುಗರನ್ನು ಹಿಡಿದು ತಂಡ ಕಟ್ಟುವುದು ನನ್ನ ಕೆಲಸ. ಹೆಡತಲೆ, ಕಳಲೆ ಕಡೆಯಿಂದ ಮೊದಲ ಬಸ್ಸಿಗೆ ಬರುತ್ತಿದ್ದರು. ಗದ್ದೆಯಲ್ಲಿ ಗೇಯ್ದ ಮೈ, ಕಬಡ್ಡಿಗೆ ಹೇಳಿ ಮಾಡಿಸಿದಂಥದ್ದು. ಆದರೆ ಶಿಸ್ತು ಸೊನ್ನೆ. ಅದಕ್ಕೇ ಒಂದು ನಿಯಮ ಮಾಡಿದ್ದೆ. ಬೆಳಿಗ್ಗೆ ಮೈದಾನದಲ್ಲಿ ನಾನು ಹಾಜರಿ ಕೂಗಿದರೆ, ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಎದ್ದು ನಿಂತು ‘ಬಂದಿವ್ನಿ ಸಾ’ ಅಂತ ಗಂಟಲು ಹರಿಯುವ ಹಾಗೆ ಕೂಗಬೇಕು. ತಡವಾದರೆ ಹತ್ತು ಸುತ್ತು ಓಟ. ಶೂ ಲೇಸು ಕಟ್ಟುತ್ತ ಸುಮ್ಮನಿದ್ದ ಒಬ್ಬನನ್ನು ಅವನು ಕಕ್ಕುವವರೆಗೂ ಓಡಿಸಿದ್ದೆ. ಆಗ ಅದು ನನಗೆ ಹೆಮ್ಮೆ.

ಹೆಡತಲೆಯ ಹುಡುಗನೊಬ್ಬ ಮೂರು ವರ್ಷ ಹಾಗೆ ಕೂಗಿದ. ಒಂದು ದಿನವೂ ತಪ್ಪಿಸಲಿಲ್ಲ. ಅಂಕಣದ ಮೂಲೆಯಲ್ಲಿ ನಿಂತು ಎದುರಾಳಿಯ ಕಾಲು ಹಿಡಿಯುವುದು ಅವನ ಕೆಲಸ, ಹಿಡಿದರೆ ಉಡದ ಹಿಡಿತ. ಮೊದಲೆರಡು ವರ್ಷ ಬೆಂಚಿನ ಮೇಲೆ ಕೂತ, ಕೊನೆಯ ವರ್ಷ ತಂಡದಲ್ಲಿ ಜಾಗ ಸಿಕ್ಕಿತ್ತು. ಅಂತರ ಕಾಲೇಜು ಪಂದ್ಯಾವಳಿ ಗೆದ್ದ ಸರ್ಟಿಫಿಕೇಟ್ ಇದ್ದರೆ ಕ್ರೀಡಾ ಕೋಟಾದಲ್ಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಬಹುದು ಅನ್ನುವುದೊಂದೇ ಅವನ ಆಸೆ. ಅಪ್ಪ ಇಲ್ಲದ ಮನೆ, ಅವ್ವ ಕೂಲಿಗೆ ಹೋಗುತ್ತಿದ್ದಳು.

ಆ ವರ್ಷ ಪಂದ್ಯಾವಳಿ ತಿ. ನರಸೀಪುರದಲ್ಲಿ. ಕಾಲೇಜಿನ ಕಾರ್ಯದರ್ಶಿ ನನ್ನನ್ನು ಕರೆಸಿ, ‘ಈ ಸಲ ಕಪ್ ಬರದಿದ್ರೆ ನಿಮ್ಮ ಮೈದಾನದಲ್ಲಿ ಕಾರ್ ನಿಲ್ಲಿಸ್ತೀನಿ ಕಣ್ರೀ ಮೇಷ್ಟ್ರೇ’ ಅಂದರು. ಬಾಯಿ ತುಂಬ ಬೋಂಡ ಇಟ್ಟುಕೊಂಡು ಆಡಿದ ಮಾತು. ಎಲ್ಲವನ್ನೂ ಅವರ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಹೊರಗಿನವನನ್ನು ತಂದು ಆಡಿಸು ಅಂತ ಅವರು ಹೇಳಲಿಲ್ಲ. ಆ ಹೊಲಸು ನನ್ನ ತಲೆಯಲ್ಲೇ ಹುಟ್ಟಿದ್ದು.

ಬನ್ನೂರು ಕಡೆ ಊರೂರ ಟೂರ್ನಮೆಂಟ್ ಆಡಿಕೊಂಡಿದ್ದ ಒಬ್ಬ ಆಸಾಮಿಯನ್ನು ಹಿಡಿದೆ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಸದಾ ಬಾಯಲ್ಲಿ ಗುಟ್ಕಾ, ನಿಂತಲ್ಲೇ ಪಿಚಕ್ಕನೆ ಉಗಿಯುತ್ತಿದ್ದ. ಆಟ ಮಾತ್ರ ಬೆಂಕಿ. ಪಂದ್ಯಾವಳಿಗೆ ಕಳಿಸಬೇಕಿದ್ದ ಹೆಡತಲೆ ಹುಡುಗನ ಫಾರಂನಲ್ಲಿದ್ದ ಫೋಟೋ ಕಿತ್ತು, ಈ ಗುಟ್ಕಾ ಮೋರೆಯನ್ನು ನನ್ನ ಕೈಯಾರೆ ಗೋಂದು ಹಚ್ಚಿ ಅಂಟಿಸಿದೆ. ಆಮೇಲೆ ಹುಡುಗನನ್ನು ಕರೆದೆ.

‘ಹೆಸರು ನಿಂದೇ ಇರ್ತದೆ, ಆಟ ಅವನಾಡ್ತಾನೆ. ಸರ್ಟಿಫಿಕೇಟ್ ನಿನ್ನ ಹೆಸರಿಗೇ ಬರ್ತದೆ. ಇನ್ನೇನು ಬೇಕು ನಿಂಗೆ?’

‘ಸಾ, ನಾನೇ ಆಡ್ತೀನಿ ಸಾ. ಮೂರು ವರ್ಷದಿಂದ ಕಾಯ್ತಾ ಇವ್ನಿ.’

‘ನೀನಾಡಿ ಸೋತ್ರೆ ಸರ್ಟಿಫಿಕೇಟ್ ನಿಮ್ಮಪ್ಪ ಕೊಡ್ತಾನೇನ್ಲಾ?’

ಅಪ್ಪ ಸತ್ತವನಿಗೆ ಆಡುವ ಮಾತೇ ಅದು? ಅವನು ತಲೆ ಬಗ್ಗಿಸಿಕೊಂಡು, ‘ಆಗ್ಲಿ ಸಾ, ನೀವೇಳ್ದಂಗೆ’ ಅಂದ. ಪಂದ್ಯದ ಕಡೆ ತಲೆ ಹಾಕಬೇಡ ಅಂತಲೂ ಹೇಳಿ ಕಳಿಸಿದೆ.

ಆದರೂ ನರಸೀಪುರಕ್ಕೆ ಬಂದಿದ್ದ. ತನ್ನ ತಂಡ ಆಡುವಾಗ ಅವನು ಮನೆಯಲ್ಲಿ ಹೇಗೆ ಕೂತಾನು? ತಲೆಗೆ ಟವಲ್ ಸುತ್ತಿಕೊಂಡು ಜನರ ನಡುವೆ ಕೂತಿದ್ದ, ನನ್ನ ಕಣ್ಣಿಗೆ ಬೀಳಲಿಲ್ಲ. ಮೊದಲ ಪಂದ್ಯಕ್ಕೆ ಮುಂಚೆ ಅಧಿಕಾರಿ ನಮ್ಮ ಆಟಗಾರರನ್ನು ಸಾಲಾಗಿ ನಿಲ್ಲಿಸಿ ಮೈಕಿನಲ್ಲಿ ಒಬ್ಬೊಬ್ಬರ ಹೆಸರು ಕೂಗಿದರು. ಹುಡುಗನ ಹೆಸರು ಬಂತು. ಗುಟ್ಕಾ ಆಸಾಮಿ ಆ ದಿನ ತನ್ನ ಹೆಸರೇನೆಂಬುದನ್ನೇ ಮರೆತು ಆಕಾಶ ನೋಡುತ್ತ ನಿಂತಿದ್ದ. ಇನ್ನೊಮ್ಮೆ ಕೂಗಿದರು. ಜನರ ಮಧ್ಯದಿಂದ ಟವಲ್ಲಿನವನು ಧಡಕ್ಕನೆ ಎದ್ದು ನಿಂತು ಗಂಟಲು ಹರಿಯುವ ಹಾಗೆ ಕೂಗಿದ: ‘ಬಂದಿವ್ನಿ ಸಾ!’

ಒಂದು ಗಳಿಗೆ ಯಾರಿಗೂ ಏನೂ ತಿಳಿಯಲಿಲ್ಲ. ಆಮೇಲೆ ಜನ ಬಿದ್ದು ಬಿದ್ದು ನಕ್ಕರು. ಹುಡುಗ ಬಾಯಿಗೆ ಕೈ ಅಡ್ಡ ಹಿಡಿದು ಹಾಗೇ ನಿಂತುಬಿಟ್ಟ. ಮೂರು ವರ್ಷ ನಾನೇ ತಿದ್ದಿದ ಬಾಯಿ, ಅದರದ್ದೇನು ತಪ್ಪು?

ಅಧಿಕಾರಿ ಇಬ್ಬರನ್ನೂ ಮೇಜಿನ ಹತ್ತಿರ ಕರೆದು, ಫಾರಂ ತೆಗೆದು ನನ್ನ ಕಡೆ ತಿರುಗಿದರು. ‘ಏನ್ರೀ ಇದು ಮೇಷ್ಟ್ರೇ?’

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರೆ. ನಾನು ಹೆಗಲು ಮುಟ್ಟಿಕೊಳ್ಳಲಿಲ್ಲ, ಅಷ್ಟು ಪಳಗಿದ ಕಳ್ಳ. ‘ನನಗೇನೂ ಗೊತ್ತಿಲ್ಲ ಸರ್, ಹುಡುಗರೇ ಸೇರ್ಕೊಂಡು ಮಾಡಿದಾರೆ’ ಅಂದೆ. ಅವರು ನಂಬಲಿ ಅಂತ ಹುಡುಗನ ಕೆನ್ನೆಗೆ ಎರಡು ಬಾರಿಸಿದೆ. ‘ಕಾಲೇಜಿನ ಮಾನ ಕಳೆದ್ಯಲ್ಲೋ ಬೇವಾರ್ಸಿ!’ ಅಂತ ಕಿರುಚಿದೆ. ನನ್ನ ಎಂಜಲು ಅವನ ಮುಖಕ್ಕೆ ಸಿಡಿಯಿತು. ಅವನು ಒರೆಸಿಕೊಳ್ಳಲೂ ಇಲ್ಲ. ಅವನೊಂದು ಮಾತು ಆಡಿದ್ದರೆ ಅವತ್ತೇ ನನ್ನ ಕೆಲಸ ಹೋಗುತ್ತಿತ್ತು. ನನ್ನನ್ನೊಮ್ಮೆ ನೋಡಿ, ಅಧಿಕಾರಿಗೆ ಹೇಳಿದ: ‘ತಪ್ಪಾಯ್ತು ಸಾ. ಎಲ್ಲಾ ನಾನೇ ಮಾಡಿದ್ದು.’

ಅದನ್ನೇ ಬರೆದುಕೊಟ್ಟ. ಸಾಕ್ಷಿ ಅಂತ ಕೆಳಗೆ ನಾನು ಸಹಿ ಹಾಕಿದೆ. ಅವನನ್ನು ಆಟದಿಂದ ಹೊರಗೆ ಹಾಕಿದರು. ಸರ್ಟಿಫಿಕೇಟೂ ಹೋಯಿತು, ಪೊಲೀಸ್ ಕೆಲಸದ ಆಸೆಯೂ ಹೋಯಿತು. ನನ್ನ ಕೂದಲೂ ಕೊಂಕಲಿಲ್ಲ.

ಎರಡು ತಿಂಗಳು ಕಳೆದಿರಬೇಕು, ಒಂದು ಭಾನುವಾರ ಬೆಳಿಗ್ಗೆ ಅವನ ಅವ್ವ ನಮ್ಮ ಮನೆ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಚೀಲ ಅವರೆಕಾಯಿ. ಉಗಿಯಲು ಬಂದಿದ್ದಾಳೆ ಅಂದುಕೊಂಡೆ. ಅವಳು ಚೀಲ ಕೆಳಗಿಟ್ಟು ಕೈ ಮುಗಿದಳು.

‘ನಮ್ಮೈದ ಎಲ್ಲಾ ಏಳ್ದ ಸಾ. ತಪ್ಪು ಮಾಡ್ಬುಟ್ಟಿದ್ನಂತೆ. ನೀವು ಎರಡೇಟು ಒಡ್ದು ಬುಡಿಸ್ಕಂಡ್ರಂತೆ, ಇಲ್ದಿದ್ರೆ ಜೈಲೇ ಆಗೋದಂತೆ. ನಿಮ್ ಒಟ್ಟೆ ತಣ್ಣಗಿರ್ಲಿ ಸಾ.’

ಹೆತ್ತವ್ವನ ಮುಂದೆಯೂ ಅವನು ನನ್ನನ್ನು ಬಿಟ್ಟುಕೊಟ್ಟಿರಲಿಲ್ಲ. ನಾನಾದರೂ ನಿಜ ಹೇಳಬಹುದಿತ್ತು. ಬಾಗಿಲಲ್ಲಿ ಇದ್ದದ್ದು ನಾವಿಬ್ಬರೇ, ಬೇರೆ ಯಾರ ಭಯವೂ ಇರಲಿಲ್ಲ. ‘ಇರ್ಲಿ ಬಿಡಮ್ಮ, ಮೇಷ್ಟ್ರು ಅಂದ್ಮೇಲೆ ಅಷ್ಟೂ ಮಾಡ್ದಿದ್ರೆ ಹೇಗೆ’ ಅಂದೆ.

ಬಸ್ಸಿಗೆ ಹೊತ್ತಾಯಿತೆಂದು ಅವಳು ಹೊರಟಳು. ಮಧ್ಯಾಹ್ನ ನನ್ನ ಹೆಂಡತಿ ಆ ಅವರೆಕಾಯಿ ಸುಲಿದು ಹಿತಕಿದ ಬೇಳೆ ಸಾರು ಮಾಡಿದಳು. ಮುದ್ದೆಗೆ ಎರಡು ಸಲ ಹಾಕಿಸಿಕೊಂಡು ಉಂಡೆ.